ಅಣ್ಣ, 8 ಜೆ ರಿಮ್ಮಿಗೆ 195 ಟೈರ್ ಎಳೆದು ಹಾಕ್ಸಿದ್ರೆ ಸೇಫಾ?

ಪ್ರಶ್ನೆ: ಅಣ್ಣ, ನಂದು ಸ್ವಿಫ್ಟ್, ಊರು ಸಿರುಗುಪ್ಪ. ಲೋವರಿಂಗ್ ಸ್ಪ್ರಿಂಗ್ ಹಾಕ್ಸಿ 40 ಎಂಎಂ ಇಳಿಸಿದೀನಿ. ಈಗ ಸೆಕೆಂಡ್ಸಲ್ಲಿ 15 ಇಂಚಿನ 8 ಜೆ ಅಲಾಯ್ ಸಿಕ್ಕಾವೆ, ಅದಕ್ಕೆ 195/50 ಟೈರ್ ಸ್ಟ್ರೆಚ್ ಮಾಡಿ ಹಾಕ್ಸೋಣ ಅಂತಿದೀನಿ. ಟೈರ್ ಅಂಗಡಿಯವರು ಗಾಳಿ ಹಿಡಿದ್ರೆ ಆಯ್ತು ಏನಾಗಲ್ಲ ಅಂತಾರೆ, ಫ್ರೆಂಡ್ಸ್ ಒಂದಿಬ್ರು ಬ್ಯಾಡ ಮಗಾ ಸಾಯ್ತೀಯ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: 8 ಜೆ ಮ್ಯಾಲೆ 195 ಹಾಕ್ಸಬ್ಯಾಡ ತಮ್ಮ. ಹಂಗಂತ ಗಾಡಿ ಇಳಿಸೋದೇ ತಪ್ಪು ಅನ್ನೋನಲ್ಲ ನಾನು, ಚೆನ್ನಾಗಿ ಇಳಿಸಿದ ಗಾಡಿ, ಫೆಂಡರಿಗೂ ಟೈರಿಗೂ ನಡುವೆ ಎರಡು ಬೆರಳು ಗ್ಯಾಪ್ ಇಟ್ಕೊಂಡು ನೀಟಾಗಿ ಕೂತಿದ್ರೆ ಅದನ್ನ ನೋಡೋ ಖುಷಿನೇ ಬೇರೆ, ನಿನ್ನ ಆಸೆ ನಂಗೆ ಪೂರ್ತಿ ಅರ್ಥ ಆಗ್ತೈತೆ. ಆದ್ರೆ ಇಳಿಸೋದು ಒಂದು ವಿಷಯ, ಟೈರ್ ಎಳೆದು ಕೂರಿಸೋದು ಇನ್ನೊಂದು ವಿಷಯ. ಎರಡನ್ನೂ ಒಂದೇ ಅಂದ್ಕೊಂಡು ಜಗಳ ಆಡೋದ್ರಿಂದಾನೇ ಈ ಚರ್ಚೆ ಮುಗಿಯಲ್ಲ.

ಮೊದ್ಲು ಅಳತೆ ನೋಡು. 8 ಜೆ ಅಂದ್ರೆ ರಿಮ್ಮಲ್ಲಿ ಟೈರ್ ಕೂರೋ ಜಾಗದ ಅಗಲ 8 ಇಂಚು, ಅಂದ್ರೆ 203 ಎಂಎಂ. ನಿನ್ನ ಟೈರಿನ ಮ್ಯಾಲೆ ಬರೆದಿರೋ ಅಗಲ 195 ಎಂಎಂ, 6 ಇಂಚು ರಿಮ್ಮಿನ ಮ್ಯಾಲೆ ಕೂರಿಸಿ ಅಳೆದ್ರೂ 201ರ ಹತ್ರ. ಅಂದ್ರೆ ಟೈರಿಗಿಂತ ರಿಮ್ಮೇ ಅಗಲ. 195/50 ಆರ್15 ಅಂದ್ರೆ ಅಗಲ 195, ಪಕ್ಕದ ಗೋಡೆ (ಸೈಡ್‌ವಾಲ್) ಎತ್ತರ ಆ ಅಗಲದ 50 ಪರ್ಸೆಂಟ್, ರಿಮ್ 15 ಇಂಚು. ಈ ಟೈರಿಗೆ ಸ್ಟ್ಯಾಂಡರ್ಡ್ ಪ್ರಕಾರ ಒಪ್ಪೋ ರಿಮ್ 5.5ರಿಂದ 7 ಇಂಚಿನವರೆಗೆ ಅಷ್ಟೇ. 7 ಜೆ ಮ್ಯಾಲೆ ಹಾಕಿದ್ರೂ ಸೈಡ್‌ವಾಲ್ ಸ್ವಲ್ಪ ಓರೆಯಾಗಿ ಎಳೆದಂಗೆ ಕಾಣ್ತೈತೆ, ಅದು ಲಿಮಿಟ್ ಒಳಗಡೆ, ಅದರ ಬಗ್ಗೆ ನನ್ನ ತಕರಾರಿಲ್ಲ. 8 ಜೆ ಅಂದ್ರೆ ಲಿಮಿಟ್ ದಾಟಿ ಪೂರ್ತಿ ಒಂದು ಇಂಚು ಆಚೆ.

ಗಾಳಿ ಹಿಡೀತೈತಲ್ಲ ಅನ್ನೋ ಮಾತಿಗೆ ಬರ್ತೀನಿ. ನಮ್ಮ ಬಳ್ಳಾರಿ ಜೀನ್ಸಿನ ಊರು, ಆ ಲೆಕ್ಕದಲ್ಲೇ ಹೇಳ್ಬೇಕಂದ್ರೆ 34ರ ಸೊಂಟಕ್ಕೆ 30ರ ಪ್ಯಾಂಟ್ ಏರಿಸಿ ಹೆಂಗೋ ಗುಂಡಿ ಹಾಕಿದಂಗೆ, ನಿಂತಾಗ ಏನೂ ಆಗಲ್ಲ, ಕೂತಾಗ ಎಳೆತ ಎಲ್ಲಾ ಬಂದು ಬೀಳೋದು ಆ ಗುಂಡಿ ಮ್ಯಾಲೇನೇ. ಟೈರಲ್ಲಿ ಆ ಎಳೆತ ಬೀಳೋದು ಬೀಡ್ ಮ್ಯಾಲೆ. ಬೀಡ್ ಅಂದ್ರೆ ಟೈರಿನ ಅಂಚಲ್ಲಿ ರಬ್ಬರ್ ಒಳಗಿರೋ ಸ್ಟೀಲ್ ವೈರಿನ ಬಳೆ, ಒಳಗಿನ ಗಾಳಿ ಅದನ್ನ ರಿಮ್ಮಿನ ಅಂಚಿಗೆ ಒತ್ತಿ ಹಿಡಿದಿರ್ತೈತೆ. ಸರಿಯಾದ ರಿಮ್ಮಲ್ಲಿ ಸೈಡ್‌ವಾಲ್ ಹೆಚ್ಚುಕಮ್ಮಿ ನೇರ ನಿಂತಿರ್ತೈತೆ, ಬೀಡು ಚಪ್ಪಟೆಯಾಗಿ ಪೂರ್ತಿ ಕೂತಿರ್ತೈತೆ. ಎಳೆದಾಗ ಸೈಡ್‌ವಾಲ್ ಒಳಗಡೆ ವಾಲ್ತೈತೆ, ಅದು ಬೀಡನ್ನೂ ಜೊತೆಗೆ ತಿರುಚ್ತೈತೆ. ತಿರುವಲ್ಲಿ ಗಾಡಿ ಭಾರ ಒಂದ್ಕಡೆ ಬಿದ್ದಾಗ ಬೀಡನ್ನ ರಿಮ್ಮಿನ ಒಳಕ್ಕೆ ಜಾರಿಸೋ ಬಲ ಹುಟ್ಟೋದೂ ಅಲ್ಲೇ. ಅದನ್ನ ತಡಿಯೋಕೆ ರಿಮ್ಮಲ್ಲಿ ಒಂದು ಸಣ್ಣ ಉಬ್ಬು ಇರ್ತೈತೆ, ಗಾಳಿ ಸರಿ ಇರೋವರೆಗೂ ಅದು ಹಿಡಿತೈತೆ. ಸ್ಲೋ ಪಂಕ್ಚರ್ ಆಗಿ ಗಾಳಿ ಒತ್ತಡ 32 ಪಿಎಸ್ಐ ಇದ್ದಿದ್ದು 20ಕ್ಕೆ ಇಳಿದಾಗ ಒಪ್ಪೋ ರಿಮ್ಮಲ್ಲಿರೋ ಟೈರು ಗಾಡಿ ಒಂದ್ಕಡೆ ಎಳೆದು ನಿಂಗೆ ಸೂಚನೆ ಕೊಡೋಕೆ ಟೈಮ್ ಐತೆ, ಎಳೆದು ಕೂರಿಸಿದ್ರಲ್ಲಿ ಆ ಟೈಮೇ ಕಮ್ಮಿ, ಬೀಡು ಬಿಟ್ಕೊಂತು ಅಂದ್ರೆ ಗಾಳಿ ಒಂದೇ ಸಲ ಖಾಲಿ.

ಕೂರಿಸೋದನ್ನೇ ಒಂದ್ಸಲ ಹತ್ರದಿಂದ ನೋಡು, ಆಮೇಲೆ ನಿಂಗೇ ಗೊತ್ತಾಗ್ತೈತೆ. ಸರಿ ಸೈಜಿನ ಟೈರಿಗೆ ಗಾಳಿ ಬಿಡ್ತಿದ್ದಂಗೆ ಟಪ್, ಟಪ್ ಅಂತ ಎರಡು ಸದ್ದು ಬಂದು ಎರಡೂ ಕಡೆ ಬೀಡು ಕೂತ್ಬಿಡ್ತೈತೆ. ಸ್ಟ್ರೆಚ್ ಟೈರಲ್ಲಿ ರಿಮ್ಮಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟು ಸಂದಿ, ಬಿಟ್ಟ ಗಾಳಿ ಎಲ್ಲಾ ಬುಸ್ ಅಂತ ಆಚೆ ಬರ್ತೈತೆ, ಆಗ ಕೆಲವರು ಗಾಳಿ ಟ್ಯಾಂಕಿಂದ ಒಂದೇ ಸಲ ಹೊಡೀತಾರೆ, ಇನ್ನೂ ಕೆಲವರು ಒಳಗೆ ಸ್ಪ್ರೇ ಹೊಡೆದು ಬೆಂಕಿ ಹಚ್ಚಿ ಧಡ್ ಅಂತ ಕೂರಿಸ್ತಾರೆ. ಬೆಂಕಿ ಹಚ್ಚೋ ಅಂಗಡಿಯಿಂದ ಎದ್ದು ಬಂದ್ಬಿಡು ದಯವಿಟ್ಟು. ಟೈರ್ ಕಂಪನಿಗಳು ಬೀಡ್ ಕೂರಿಸೋಕೆ 40 ಪಿಎಸ್ಐ ದಾಟಬ್ಯಾಡ್ರಿ ಅಂತ ಹೇಳೋದು ಸುಮ್ನೆ ಅಲ್ಲ, ಬೀಡ್ ವೈರ್ ಕಿತ್ರೆ ಮೊದ್ಲು ಪೆಟ್ಟು ಬೀಳೋದು ಪಕ್ಕದಲ್ಲಿ ಬಗ್ಗಿ ನಿಂತಿರೋ ಕೆಲಸದ ಹುಡುಗನಿಗೆ.

ಸ್ಟ್ರೆಚ್ ಪರ ಇರೋರ ಮಾತಲ್ಲೂ ಹುರುಳಿಲ್ಲ ಅಂತ ನಾನು ಹೇಳಲ್ಲ. ಜಪಾನಿನ ಡ್ರಿಫ್ಟ್ ಗಾಡಿಗಳು ಹಿಂಗೇ ಓಡ್ತಾವೆ, ಸೈಡ್‌ವಾಲ್ ಬಿಗಿ ಆಗಿ ಸ್ಟೀರಿಂಗ್ ಶಾರ್ಪ್ ಅನ್ಸ್ತೈತೆ, ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಇಳಿಸೋ ಹುಡುಗರು ವರ್ಷಗಟ್ಲೆ ಓಡಿಸಿದಾರೆ, ಇದೆಲ್ಲ ನಿಜ. ಆದ್ರೆ ಡ್ರಿಫ್ಟ್ ಗಾಡಿಯ ಟೈರು ವರ್ಷಗಟ್ಲೆ ಬಾಳಿಕೆಗೆ ಹಾಕಿದ್ದಲ್ಲ, ಬೇಗ ಸವೆಸಿ ಬಿಸಾಕ್ತಾರೆ, ನಯವಾದ ಟ್ರ್ಯಾಕು, ಹಿಂದಿನ ಸೀಟಲ್ಲಿ ಅಮ್ಮ, ತಂಗಿ, ಅವರ ಮಗು ಇರಲ್ಲ. ಜರ್ಮನಿಯಲ್ಲೂ ಇಂಥ ಜೋಡಿ ಹಾಕ್ಬೇಕಂದ್ರೆ ಈ ಟೈರು ಈ ರಿಮ್ಮಿಗೆ ನಡಿತೈತೆ ಅಂತ ಟೈರ್ ಕಂಪನಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತಂದು, ಟ್ಯೂಫ್ ಥರದ ಸಂಸ್ಥೆಯ ತಪಾಸಣೆ ಪಾಸ್ ಮಾಡಿಸ್ಬೇಕು. ಫೋಟೋದಲ್ಲಿ ಟೈರ್ ಕಾಣ್ತೈತೆ, ಆ ಕಾಗದ ಕಾಣಲ್ಲ.

ಇನ್ನು ನಮ್ಮ ಕಡೆ ರೋಡು. ಸಿರುಗುಪ್ಪದಿಂದ ಬಳ್ಳಾರಿಗೆ 150ಎ ಹೈವೇ ಮ್ಯಾಲೆ ಭತ್ತದ ಸೀಸನ್ನಲ್ಲಿ ಟ್ರ್ಯಾಕ್ಟರು, ಕಟಾವು ಮಷೀನು ಗದ್ದೆಯಿಂದ ಹೊತ್ತು ತಂದ ಕೆಸರು ಒಣಗಿ ಗಡ್ಡೆ ಕಟ್ಟಿರ್ತೈತೆ, ತೋರಣಗಲ್ಲು ಸಂಡೂರು ಕಡೆ ಹೋದ್ರೆ ಅದಿರು ಲಾರಿ ತುಳಿದ ತೆಗ್ಗು. ತೆಗ್ಗಿಗೆ ಬಿದ್ದಾಗ ಪೆಟ್ಟು ತಿನ್ನೋದೇ ಸೈಡ್‌ವಾಲ್ ಕೆಲಸ, ಅದು ಮೊದ್ಲೇ ಬಿಗಿಯಾಗಿ ಎಳೆದಿದ್ರೆ ಮಡಚಿ ಪೆಟ್ಟು ತಿನ್ನೋಕೆ ಜಾಗ ಇರಲ್ಲ, ಮ್ಯಾಲೆ ರಿಮ್ಮಿನ ಅಂಚು ಟೈರಿಗಿಂತ ಆಚೆ ಬಂದಿರ್ತೈತೆ, ಅಂದ್ರೆ ಕಲ್ಲಿಗೆ ಮೊದ್ಲು ತಾಗೋದು ಅಲಾಯ್. ಸೆಕೆಂಡ್ಸ್ ಅಲಾಯ್ ಬೇರೆ, ಮುಂಚೆ ಬೆಂಡ್ ತೆಗೆಸಿದ್ದೋ ಕ್ರ್ಯಾಕ್ ವೆಲ್ಡ್ ಮಾಡ್ಸಿದ್ದೋ ಪೇಂಟ್ ಕೆಳಗೆ ಏನೈತೆ ಅಂತ ನೋಡಿದೀಯಾ?

ಬಿಸಿಲಂತೂ ಹೇಳೋದೇ ಬ್ಯಾಡ. ಏಪ್ರಿಲ್ ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟ್ತೈತೆ, ಡಾಂಬರು ಅದಕ್ಕಿಂತ ಎಷ್ಟೋ ಬಿಸಿ. ಟೈರ್ 10 ಡಿಗ್ರಿ ಬಿಸಿಯಾದ್ರೆ ಒಳಗೆ ಹೆಚ್ಚುಕಮ್ಮಿ ಒಂದೂವರೆಯಿಂದ 2 ಪಿಎಸ್ಐ ಏರ್ತೈತೆ, ಸ್ಟ್ರೆಚ್ ಮಾಡಿದೋರು ಬೀಡು ಬಿಡದೇ ಇರ್ಲಿ ಅಂತ ಮೊದ್ಲೇ 40, 45 ತುಂಬಿಸಿರ್ತಾರೆ, ಆಗ ಟೈರು ಕಲ್ಲಾಗಿ ರೋಡಿನ ಹಿಡಿತ ಕಮ್ಮಿ, ನಡುಭಾಗ ಮಾತ್ರ ಸವೀತೈತೆ.

ಹೈಟಿನ ಲೆಕ್ಕ ಹಾಕಿದೀಯೋ ಇಲ್ಲವೋ, ನಾನೇ ಹಾಕ್ತೀನಿ. ಸ್ವಿಫ್ಟ್ ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲಕ್ಕೂ ಗಾಡಿ ಹೊಟ್ಟೆಗೂ ನಡುವಿನ ಜಾಗ, 163 ಎಂಎಂ, ಖಾಲಿ ಗಾಡಿಗೆ. ಸ್ಪ್ರಿಂಗಿಂದ 40 ಹೋಯ್ತು. 185/65 ಆರ್15 ಟೈರು ತೆಗೆದು 195/50 ಹಾಕಿದ್ರೆ ಟೈರಿನ ಎತ್ತರಾನೇ 621ರಿಂದ 576 ಎಂಎಂಗೆ ಇಳಿತೈತೆ, ಅದರ ಅರ್ಧ ಗಾಡಿ ಕೆಳಗೆ ಬರ್ತೈತೆ, ಇನ್ನೊಂದು 23 ಎಂಎಂ. ಉಳಿದಿದ್ದು 100. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಎತ್ತರ 100 ಎಂಎಂ, ಅದೂ 3.7 ಮೀಟರ್ ಅಗಲಕ್ಕೆ ಹರಡಿ ನಿಧಾನ ಏರಬೇಕು, ನಮ್ಮ ಹಳ್ಳಿ ಬಾಗಿಲಲ್ಲಿ ಹಾಕಿರೋವು ಯಾವುವೂ ಹಂಗಿಲ್ಲ. ಐದು ಜನ ಕೂತು ಮಂತ್ರಾಲಯಕ್ಕೆ ಹೊಂಟ್ರೆ ಏನಾಗ್ತೈತೆ ನೀನೇ ನೋಡು. ಸ್ಪೀಡೋಮೀಟರ್ ಕೂಡ 100 ತೋರಿಸ್ತಿದ್ರೆ ನಿಜಕ್ಕೂ ಓಡೋದು 93ರ ಹತ್ರ. ಟೈರಿನ ಲೋಡ್ ನಂಬರು 88 ಇದ್ದಿದ್ದು 82 ಆಗ್ತೈತೆ, ಒಂದು ಟೈರಿಗೆ 560 ಕೆಜಿ ಹೊರೋ ತಾಕತ್ತು 475ಕ್ಕೆ ಬಂತು. ಸ್ವಿಫ್ಟಿಗೆ 475 ಸಾಲ್ತೈತೆ, ಆದ್ರೆ ಆ 475 ಅನ್ನೋದು ಒಪ್ಪೋ ರಿಮ್ಮಲ್ಲಿ ಕೂರಿಸಿದ್ರೆ ಮಾತ್ರ.

ಸ್ಪ್ರಿಂಗ್ ಹಾಕ್ಸಿದ ಮ್ಯಾಲೆ ವ್ಹೀಲ್ ಅಲೈನ್ಮೆಂಟ್ ಮಾಡ್ಸಿದೀಯಾ? ಗಾಡಿ ಇಳಿಸಿದ್ರೆ ಮುಂದಿನ ಚಕ್ರದ ಟೋ (ಮ್ಯಾಲಿಂದ ನೋಡಿದ್ರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು), ಕ್ಯಾಂಬರ್ (ಮುಂದಿಂದ ನೋಡಿದ್ರೆ ಚಕ್ರ ವಾಲಿರೋದು) ಎರಡೂ ಬದಲಾಗ್ತಾವೆ, ಟೈರಿನ ಒಳಗಿನ ಅಂಚು ಮಾತ್ರ ತಿಂದ್ಕೊಂಡು ಹೋಗ್ತೈತೆ, ಹೊರಗಿಂದ ನೋಡಿದ್ರೆ ಹೊಸ ಟೈರಿನಂಗೇ ಇರ್ತೈತೆ, ಇದೇ ಇದರಲ್ಲಿ ಮೋಸ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೊಬೈಲ್ ಟಾರ್ಚ್ ಹಾಕಿ ಒಳ ಅಂಚು ನೋಡು, ಬರಿಗೈ ಹಾಕಬ್ಯಾಡ, ವೈರ್ ಎದ್ದಿದ್ರೆ ಚುಚ್ಚತೈತೆ. ಸ್ಪ್ರಿಂಗ್ ಕಟ್ ಮಾಡ್ಸಿದೋರಿಗಂತೂ ಒಂದೇ ಮಾತು, ತೆಗೆದು ಸರಿಯಾದ ಸ್ಪ್ರಿಂಗ್ ಹಾಕ್ಸಿ, ಗ್ಯಾಸಲ್ಲಿ ಕಟ್ ಮಾಡಿದ ಸ್ಪ್ರಿಂಗು ಹದ ಕಳ್ಕೊಂಡಿರ್ತೈತೆ, ಗಾಡಿ ಜಿಗಿದಾಗ ತಾನು ಕೂರೋ ಜಾಗದಿಂದ ಜಾರ್ತೈತೆ.

ಕಾನೂನು ಚಿಕ್ಕದಾಗಿ ಹೇಳ್ಬಿಡ್ತೀನಿ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಂಗೆ ಗಾಡಿ ಬದಲಾಯಿಸೋ ಹಂಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇನ್ಶೂರೆನ್ಸಿಗೆ ತಿಳಿಸದೇ ಮಾಡ್ಸಿದ್ರೆ ಕ್ಲೇಮ್ ಟೈಮಲ್ಲಿ ತಕರಾರು ಗ್ಯಾರಂಟಿ.

ಹಂಗಾದ್ರೆ ಏನ್ ಮಾಡ್ಲಿ ಅಂತೀಯಾ? ಆ 8 ಜೆ ಬಿಟ್ಬಿಡು, ಅದಕ್ಕೆ ಒಪ್ಪೋ ಟೈರ್ ಬೇಕಂದ್ರೆ 225ರ ಹತ್ರ ಹೋಗ್ಬೇಕು, ಅದು ಇಳಿಸಿದ ಸ್ವಿಫ್ಟ್ ಫೆಂಡರ್ ಒಳಗೆ ಕೂರಲ್ಲ. 6.5 ಇಲ್ಲಾ 7 ಜೆ ರಿಮ್ ಹುಡುಕು, ಪಿಸಿಡಿ (ಬೋಲ್ಟ್ ಹೋಲುಗಳು ಕೂರೋ ವೃತ್ತದ ಅಳತೆ) 4 ಹೋಲು 100 ಎಂಎಂ, ಅದಕ್ಕೆ 195/55 ಆರ್15 ಹಾಕ್ಸು, ಟೈರಿಂದ ಇಳಿಯೋದು ಬರೀ 13 ಎಂಎಂ, ಸ್ಪ್ರಿಂಗ್ 30 ಎಂಎಂದು ಸಿಕ್ಕಿ ಬದಲಾಯಿಸಿದ್ರೆ 120 ಉಳಿತೈತೆ. ದುಡ್ಡು ಕೊಡೋ ಮುಂಚೆ ಸೈಡ್‌ವಾಲ್ ಮ್ಯಾಲಿನ ನಾಲ್ಕಂಕಿ ನೋಡ್ಕೋ, ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ, ಹಳೇ ಸ್ಟಾಕ್ ತಲೆಗೆ ಕಟ್ಟೋಕೆ ಬಿಡಬ್ಯಾಡ. ಅಕಸ್ಮಾತ್ ಇದನ್ನ ಓದೋಷ್ಟರಲ್ಲಿ 8 ಜೆಗೆ ಎಳೆದು ಹಾಕ್ಸೇ ಬಿಟ್ಟಿದ್ರೆ, ಹಳೇ ಡಿಸ್ಕು ಟೈರು ಮನೇಲೇ ಇರ್ಬೇಕಲ್ಲ, ನಾಳೆ ಬೆಳಿಗ್ಗೆ ಅವನ್ನೇ ವಾಪಸ್ ಏರಿಸು, ಮಂತ್ರಾಲಯ ಆಮೇಲೆ.