ಡಾಕ್ಟರಿಗೆ ಊಟದ ಪಾಠ ಯಾರು ಮಾಡಬೇಕು?

ಪ್ರಶ್ನೆ: ಅಮ್ಮನಿಗೆ ಹನ್ನೆರಡು ವರ್ಷದಿಂದ ಶುಗರ್. ಡಾಕ್ಟರು ಪ್ರತಿ ಸಲ "ಅನ್ನ ಬಿಡಿ, ಮುದ್ದೆ ತಿನ್ನಿ" ಅನ್ನುತ್ತಾರೆ. ಎಷ್ಟು ಅಂತ ಕೇಳಿದರೆ ಅಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಿರುತ್ತಾರೆ. ಡಾಕ್ಟರುಗಳಿಗೆ ಊಟದ ಬಗ್ಗೆ ಕಲಿಸುವುದೇ ಇಲ್ವಾ? ಓದು ಮುಗಿದ ಮೇಲಾದರೂ ಕಲಿಯಬೇಕು ಅನ್ನುವ ನಿಯಮ ಇಲ್ವಾ?

ಉತ್ತರ: ಕಲಿಸುತ್ತಾರೆ. ನನಗೂ ಕಲಿಸಿದ್ದರು. ಎಂಬಿಬಿಎಸ್‌ನಲ್ಲಿ ಬಯೋಕೆಮಿಸ್ಟ್ರಿ, ಕಮ್ಯುನಿಟಿ ಮೆಡಿಸಿನ್, ಮಕ್ಕಳ ವಿಭಾಗ, ಹೀಗೆ ಅಲ್ಲೊಂದು ಇಲ್ಲೊಂದು ಚೂರು ಬರುತ್ತದೆ. ವಿಟಮಿನ್ ಬಿ1 ಕಡಿಮೆಯಾದರೆ ಬೆರಿಬೆರಿ (ನರ, ಹೃದಯಕ್ಕೆ ಬರುವ ಕಾಯಿಲೆ), ವಿಟಮಿನ್ ಸಿ ಕಡಿಮೆಯಾದರೆ ಸ್ಕರ್ವಿ (ವಸಡಿನಲ್ಲಿ ರಕ್ತ ಬರುವ ಕಾಯಿಲೆ). ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಕ್ಲಿನಿಕ್ ತೆರೆದ ಮೇಲೆ ಒಂದೇ ಒಂದು ಸ್ಕರ್ವಿ ಕೇಸೂ ನೋಡಿಲ್ಲ. ಬರುವವರೆಲ್ಲ ಶುಗರ್, ಬಿಪಿ, ಫ್ಯಾಟಿ ಲಿವರ್. ಅವರು ಕೇಳುವುದು "ಸಂಜೆ ಎರಡು ಚಕ್ಕುಲಿ ತಿನ್ನಬಹುದಾ?" ಅಂತ. ನನ್ನ ಪುಸ್ತಕದಲ್ಲಿ ಚಕ್ಕುಲಿ ಇರಲಿಲ್ಲ.

ಇದಕ್ಕೊಂದು ಹಳೇ ಕಾರಣವೂ ಇದೆ. ನಮ್ಮ ದೇಶದಲ್ಲಿ ಆಹಾರದ ಸಂಶೋಧನೆ ಶುರುವಾದದ್ದೇ ಕೊರತೆಯ ಕಾಯಿಲೆಗಳಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ, 1918ರಲ್ಲಿ ತಮಿಳುನಾಡಿನ ಕೂನೂರಿನಲ್ಲಿ ಬ್ರಿಟಿಷ್ ಡಾಕ್ಟರ್ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ಬಗ್ಗೆ ತನಿಖೆಗೆ ಹಾಕಿದ ಒಂದು ಸಣ್ಣ ಘಟಕ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಉಪ್ಪು, ಎಣ್ಣೆ, ಸಕ್ಕರೆ, ಪ್ಯಾಕೆಟ್ ತಿಂಡಿಗಳ ಬಗ್ಗೆಯೂ ಎಚ್ಚರಿಕೆ ಇದೆ. ಸಂಸ್ಥೆ ಬದಲಾಯಿತು. ನನ್ನಂಥವರ ತಲೆಯಲ್ಲಿ ಇನ್ನೂ ಬೆರಿಬೆರಿಯೇ ಕೂತಿದೆ.

ಇನ್ನು ನಿಯಮದ ಮಾತು. ಕರ್ನಾಟಕದಲ್ಲಿ ಡಾಕ್ಟರುಗಳು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದಕ್ಕೆ 30 ಕ್ರೆಡಿಟ್ ಗಂಟೆಗಳ ತರಗತಿ ತೋರಿಸಬೇಕು. ನಮ್ಮ ಬಾಯಲ್ಲಿ ಅದು "ಸಿಎಂಇ", ಅಂದರೆ ಓದು ಮುಗಿದ ಮೇಲೂ ಮುಂದುವರಿಯುವ ವೈದ್ಯಕೀಯ ಪಾಠ. ಆದರೆ ಆ 30ರಲ್ಲಿ ಇಷ್ಟು ಗಂಟೆ ಊಟದ ಬಗ್ಗೆ ಇರಲೇಬೇಕು ಅಂತೇನಿಲ್ಲ. ಹಾಗಾಗಿ ಭಾನುವಾರ ಹೋಟೆಲಿನ ಹಾಲ್‌ನಲ್ಲಿ ಕೂತು ಹೊಸ ಶುಗರ್ ಮಾತ್ರೆ ಬಗ್ಗೆ ಕೇಳುತ್ತೇವೆ. ಆಮೇಲೆ ಹೊರಗೆ ಬಂದು ಗೋಬಿ ಮಂಚೂರಿ, ಬಿರಿಯಾನಿ, ಎರಡು ಜಾಮೂನು. (ನಾನು ಮೂರು ಹಾಕಿಸಿಕೊಂಡದ್ದೂ ಉಂಟು.) ಮಾತ್ರೆ ಬಗ್ಗೆ ಮಾತಾಡಿಸಲು ದುಡ್ಡು ಹಾಕುವವರಿದ್ದಾರೆ. ಹುರುಳಿಕಾಳಿನ ಬಗ್ಗೆ ಮಾತಾಡಿಸಲು ಯಾರು ಹಾಕುತ್ತಾರೆ?

ಹೊರದೇಶದಲ್ಲೂ ಕಥೆ ಬೇರೆಯೇನಲ್ಲ. ಮೆಡಿಕಲ್ ಕಾಲೇಜಿನಲ್ಲಿ ಕನಿಷ್ಠ 25 ಗಂಟೆ ಆಹಾರದ ಪಾಠ ಬೇಕು ಅಂತ ಅಮೆರಿಕದ ತಜ್ಞರ ಸಮಿತಿ 1985ರಲ್ಲೇ ಹೇಳಿತ್ತು. ಇಪ್ಪತ್ತೈದು ವರ್ಷ ಕಳೆದ ಮೇಲೆ ಸಮೀಕ್ಷೆ ಮಾಡಿದರೆ ಸರಾಸರಿ ಇಪ್ಪತ್ತು ಗಂಟೆಯೂ ಇರಲಿಲ್ಲ. ಟೆಕ್ಸಾಸ್ ರಾಜ್ಯ 2025ರಲ್ಲಿ ಕಾನೂನನ್ನೇ ತಂದು, ಕೆಲಸ ಮಾಡುತ್ತಿರುವ ಡಾಕ್ಟರುಗಳೂ ಈ ಪಾಠ ಕಲಿಯಬೇಕು ಅಂದಿತು. ನನಗೆ ಹಿಡಿಸಿದ್ದು ಇನ್ನೊಂದು ದಾರಿ. 2007ರಿಂದ ಹಾರ್ವರ್ಡ್‌ನವರು ಕ್ಯಾಲಿಫೋರ್ನಿಯಾದ ಒಂದು ಅಡುಗೆ ಕಾಲೇಜಿನ ಜತೆ ಸೇರಿ ಡಾಕ್ಟರುಗಳನ್ನು ಒಲೆ ಮುಂದೆ ನಿಲ್ಲಿಸಿದರು. ಪವರ್‌ಪಾಯಿಂಟ್ ಜತೆ ಚಾಕು, ಬಾಣಲೆಯೂ ಕೈಗೆ ಬಂತು.

ಒಲೆ ಯಾಕೆ ಮುಖ್ಯ ಅಂತ ನನಗೆ ಕಲಿಸಿದ್ದು ಒಬ್ಬ ಪೇಷೆಂಟ್. ಅವರ ಬಿಪಿ ಏನು ಮಾಡಿದರೂ ಇಳಿಯುತ್ತಿರಲಿಲ್ಲ. ಮೂರನೇ ಮಾತ್ರೆ ಬರೆಯುವುದರಲ್ಲಿದ್ದೆ. "ಸಾರಿಗೆ ಚಿಟಿಕೆ ಉಪ್ಪು ಹಾಕೋದು ಡಾಕ್ಟ್ರೇ" ಅಂತ ಅವರ ಹೆಂಡತಿ ಆಣೆ ಮಾಡುತ್ತಿದ್ದರು. ನಾನು ನಂಬಿದೆ, ಅವರು ಹೇಳಿದ್ದೂ ನಿಜವೇ. ಆಹಾರ ತಜ್ಞೆಯ ಹತ್ತಿರ ಕಳಿಸಿದೆ. ಆಕೆ ಉಪ್ಪಿನ ಸುದ್ದಿಯನ್ನೇ ಎತ್ತಲಿಲ್ಲ. "ಸಾರು ಸಪ್ಪೆ ಅಂದ್ರೆ ನಂಚಿಕೊಳ್ಳೋಕೆ ಏನು?" ಅಂತ ಕೇಳಿದರು, ಅಷ್ಟೇ. ಮಾವಿನ ಮಿಡಿ, ಸಂಡಿಗೆ, ರಾತ್ರಿ ಮೊಸರನ್ನಕ್ಕೆ ನಾಲ್ಕು ಬಾಳಕದ ಮೆಣಸಿನಕಾಯಿ! ದಿನಕ್ಕೆ ಒಬ್ಬರಿಗೆ ಒಟ್ಟು 5 ಗ್ರಾಂ ಉಪ್ಪು ಸಾಕು, ಅಂದರೆ ಒಂದು ಟೀ ಚಮಚ. ಅವರ ಚಮಚ ತಟ್ಟೆಯ ಅಂಚಿನಲ್ಲೇ ತುಂಬಿಹೋಗುತ್ತಿತ್ತು.

ಎಣ್ಣೆಯದೂ ಹಾಗೇ. "ದಿನಕ್ಕೆ ಎಷ್ಟು ಚಮಚ?" ಅಂದರೆ ಎಲ್ಲರೂ "ಕಡಿಮೆನೇ" ಅನ್ನುತ್ತಾರೆ. "ತಿಂಗಳಿಗೆ ಎಷ್ಟು ಪ್ಯಾಕೆಟ್, ಮನೆಯಲ್ಲಿ ಎಷ್ಟು ಜನ?" ಅಂತ ಕೇಳಿದರೆ ಸತ್ಯ ತಾನಾಗಿ ಹೊರಬರುತ್ತದೆ. ತಲೆಗೆ ಅರ್ಧ ಲೀಟರ್ ದಾಟದಿದ್ದರೆ ಒಳ್ಳೆಯದು. ಮಾತ್ರೆಗೂ ಊಟಕ್ಕೂ ಇರುವ ನಂಟು ಬೇರೆ ಇದೆ. ಕಬ್ಬಿಣದ ಮಾತ್ರೆ ನುಂಗಿ ಮೇಲೆ ಕಾಫಿ ಕುಡಿದರೆ ಮಾತ್ರೆ ಅರ್ಧಂಬರ್ಧ ದಂಡ. ಇಂಥ ವಿಷಯಗಳಿಗೆ ಆ 30 ಗಂಟೆಯಲ್ಲಿ ಐದಾದರೂ ಮೀಸಲಿಡಬೇಕು, ಪಾಠ ಮಾಡಲು ಆಹಾರ ತಜ್ಞರನ್ನೇ ಕರೆಸಬೇಕು ಅನ್ನುವುದು ನನ್ನ ವಾದ.

ಈಗ ನಿಮ್ಮ ಅಮ್ಮನ ಮುದ್ದೆಗೆ ಬರೋಣ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ 67. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಸರಿ. ಹಾಗಂತ ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಸುಮ್ನೆ ಕೂರುವುದಿಲ್ಲ. ಮುದ್ದೆ ಅರ್ಧ ಮಾಡಿ, ಸೊಪ್ಪು, ಕಾಳಿನ ಸಾರು ಎರಡರಷ್ಟು ಮಾಡಿ ನೋಡಬಹುದು. ಆದರೆ ಶುಗರ್ ಇಳಿಸುವ ಮಾತ್ರೆ, ಇನ್ಸುಲಿನ್ ಇದ್ದರೆ ಡಾಕ್ಟರನ್ನು ಕೇಳದೆ ಊಟ ಏಕಾಏಕಿ ಇಳಿಸಬೇಡಿ. ಮುಂದಿನ ಸಲ ಹೋಗುವಾಗ ಮೂರು ದಿನದ ತಟ್ಟೆಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. "ಎಷ್ಟು ತಿನ್ನಲಿ?" ಅನ್ನುವ ಬದಲು ಫೋಟೋ ಮುಂದಿಟ್ಟು "ಇದರಲ್ಲಿ ಯಾವುದನ್ನು ತೆಗೆಯಲಿ?" ಅಂತ ಕೇಳಿ. ಆಗಲೂ ಡಾಕ್ಟರು ತಡವರಿಸಿದರೆ ಆಹಾರ ತಜ್ಞರಿಗೊಂದು ಚೀಟಿ ಬರೆಸಿಕೊಳ್ಳಿ. ನನ್ನನ್ನು ಕೇಳಿದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.