ಫೋಟೊದ ಜೊತೆ ಹೋಗುವ ವಿಳಾಸ

ಮಲ್ಪೆ ಬೀಚಿನಲ್ಲಿ ತೆಗೆದ ಫೋಟೊದಲ್ಲಿ ನಮಗೆ ಕಾಣುವುದು ಕಡಲು, ಮರಳು, ನಾಲ್ಕಾರು ಮುಖ. ಅದೇ ಫೈಲಿನೊಳಗೆ ಕಣ್ಣಿಗೆ ಬೀಳದ ಬರಹವೂ ಇರುತ್ತದೆ: ಯಾವ ಮೊಬೈಲು, ತೆಗೆದದ್ದು ಎಷ್ಟು ಗಂಟೆಗೆ, ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ಪದ್ಧತಿಯ ಹೆಸರು ಎಕ್ಸಿಫ್.

ಉಡುಪಿಯ ಅಕ್ಷಾಂಶ ಸುಮಾರು 13.34 ಡಿಗ್ರಿ. ದಶಮಾಂಶದ ಬಳಿಕ ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರಿನ ಅಂದಾಜು. ಊರು ಗೊತ್ತಾದೀತು, ಮನೆ ಗೊತ್ತಾಗದು. ನಾಲ್ಕನೇ ಅಂಕಿಗೆ ಬಂದರೆ 11 ಮೀಟರ್, ಅಂದರೆ ನಿಮ್ಮ ಅಂಗಳ. ಫೋನು ಇನ್ನೂ ಹೆಚ್ಚು ಅಂಕಿಗಳನ್ನು ಬರೆದಿಡುವುದುಂಟು. ಜಿಪಿಎಸ್ ಅಷ್ಟೊಂದು ಕರಾರುವಾಕ್ಕಲ್ಲ, ಕೆಲವು ಮೀಟರ್ ಆಚೀಚೆ ಆಗುತ್ತದೆ. ಗೇಟು ಹುಡುಕುವವನಿಗೆ ಅಷ್ಟೇ ಧಾರಾಳ.

2012ರ ಡಿಸೆಂಬರಿನಲ್ಲಿ ಬೆಲೀಜ್ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿದ್ದಾರೆಂದು ಜಗತ್ತಿಗೆ ತಿಳಿದದ್ದು ಪತ್ರಿಕೆಯೊಂದು ಪ್ರಕಟಿಸಿದ ಫೋಟೊದ ಇಂಥ ಅಂಕಿಗಳಿಂದಲೇ. ಕೆಲವೇ ದಿನಗಳಲ್ಲಿ ಬಂಧನವೂ ಆಯಿತು. ಆಂಟಿವೈರಸ್ ಮಾರಿ ಹೆಸರಾದ ಮನುಷ್ಯ!

ವಾಟ್ಸಾಪಿನಲ್ಲಿ ಫೋಟೊವನ್ನು ಫೋಟೊವಾಗಿಯೇ ಕಳಿಸಿದರೆ ಈ ಸ್ಥಳದ ಮಾಹಿತಿ ಅಳಿದುಹೋಗುತ್ತದೆ. ‘ಕ್ಲಾರಿಟಿ ಹೋಗ್ತದೆ’ ಅಂತ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಎಲ್ಲವೂ ಹಾಗೇ ಹೋಗುತ್ತದೆ. ಬಾಡಿಗೆ ಮನೆಯ ಫೋಟೊ ಅಪರಿಚಿತರಿಗೆ ಕಳಿಸುವವರು ಇದನ್ನು ತಿಳಿದಿರಬೇಕು.

ಪಿಡಿಎಫ್‌ನ ಕಥೆ ಬೇರೆ. ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದ ಅರ್ಜಿಯಲ್ಲಿ, ಫೈಲಿನೊಳಗಿನ ಕಣ್ಣಿಗೆ ಬೀಳದ ಬರಹದಲ್ಲಿ, ಲೇಖಕರ ಜಾಗದಲ್ಲಿ ಆ ಕಂಪ್ಯೂಟರಿನ ಹೆಸರು ಕೂತಿರಬಹುದು. ಅದು ಬರೇ ತಮಾಷೆ. ಆಧಾರ್ ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದು ನಿಶ್ಚಿಂತರಾಗುವುದು ತಮಾಷೆಯಲ್ಲ. ಎಷ್ಟೋ ಸಲ ಪಟ್ಟಿಯ ಅಡಿಯಲ್ಲಿ ಅಕ್ಷರಗಳು ಇದ್ದಲ್ಲೇ ಇರುತ್ತವೆ, ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಹನ್ನೆರಡೂ ಅಂಕಿ ಹೊರಬರುತ್ತವೆ.

ನನ್ನ ಮಟ್ಟಿಗೆ ಒಂದು ಫೋಟೊಕ್ಕಿಂತ ಫೋನು ಎಲ್ಲೆಲ್ಲಿತ್ತೆಂದು ದಿನವಿಡೀ ನಕ್ಷೆಯ ಮೇಲೆ ಬೀಳುವ ಚುಕ್ಕಿಗಳೇ ಹೆಚ್ಚು ಭಯದವು. ರಾತ್ರಿ ಸುರತ್ಕಲ್, ಹಗಲು ಹಂಪನಕಟ್ಟೆ, ಮಂಗಳವಾರ ಸಂಜೆ ಒಂದು ಆಸ್ಪತ್ರೆ: ಹೆಸರಿಲ್ಲದಿದ್ದರೂ ಆಸಾಮಿ ಯಾರೆಂದು ಪತ್ತೆಯಾಗುತ್ತದೆ. 15 ಲಕ್ಷ ಜನರ ಮೊಬೈಲ್ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಜಾಗ ಮತ್ತು ಹೊತ್ತು ಸೇರಿದ ನಾಲ್ಕೇ ಚುಕ್ಕಿಗಳು ಶೇ. 95 ಮಂದಿಯನ್ನು ಉಳಿದವರಿಂದ ಬೇರ್ಪಡಿಸಲು ಸಾಕು.

ಈಗಿನ ಫೋನುಗಳಲ್ಲಿ ನಿಖರ ಜಾಗದ ಬದಲು ಅಂದಾಜು ಜಾಗವನ್ನಷ್ಟೇ ಕೊಡುವ ಆಯ್ಕೆ ಪ್ರತಿ ಆ್ಯಪ್‌ಗೂ ಇದೆ. ಮಂಗಳೂರಿನಲ್ಲಿ ನಾಳೆ ಮಳೆಯೋ ಎಂದು ಹೇಳುವ ಆ್ಯಪ್‌ಗೆ ನಿಮ್ಮ ಮನೆಬಾಗಿಲು ತಿಳಿಯಬೇಕಾದ್ದಿಲ್ಲ.