ಬುಲೆಟ್ಟಿಗೆ ಹೊರಗಿನ ಸೈಲೆನ್ಸರ್: ಮನೆಯಲ್ಲೇ ಹಾಕ್ಕೋಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಬಳ್ಳಾರಿ ಕೌಲ್ ಬಜಾರಿನವನು. ನನ್ನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಬಿಎಸ್6 ಹೊಗೆ ನಿಯಮ ಬಂದ ಮೇಲಿನದು. ಆನ್‌ಲೈನ್‌ನಲ್ಲಿ ಒಂದು ಸೈಲೆನ್ಸರ್ ನೋಡಿಟ್ಟಿದ್ದೇನೆ. ಗ್ಯಾರೇಜಿಗೆ ಹೋಗದೆ ಮನೆಯಲ್ಲೇ ಹಾಕ್ಕೋಬಹುದಾ? ಎಂಜಿನ್ನಿಗೆ ಏನಾದ್ರೂ ಆಗುತ್ತಾ? ಪೊಲೀಸರು ಹಿಡಿದ್ರೆ ಏನು ಗತಿ?

ಉತ್ತರ: ಹಾಕ್ಕೋಬಹುದು. ಒಳ್ಳೆಯ ಪಾನ ಸೆಟ್ಟು ಮತ್ತು ಪೈಪು ಹಿಡಿದುಕೊಳ್ಳಲು ಇನ್ನೊಬ್ಬರು ಇದ್ದರೆ ಒಂದು ಬೆಳಗಿನ ಕೆಲಸ. ಮನೆಯಲ್ಲಿ ಹಾಕಿದ ಸೈಲೆನ್ಸರ್ ಕೈಕೊಡುವುದು ಬಹುತೇಕ ಎರಡು ಕಾರಣಕ್ಕೆ. ಪೈಪಿನ ಜೋಡಣೆಯಲ್ಲಿ ಸಂದಿ ಮುಚ್ಚುವ ಹಳೇ ಪ್ಯಾಕಿಂಗನ್ನೇ ಮತ್ತೆ ಹಾಕುತ್ತಾರೆ, ನಟ್ಟುಗಳನ್ನು ತಪ್ಪು ಕ್ರಮದಲ್ಲಿ ಬಿಗಿಸುತ್ತಾರೆ. ಅದನ್ನೇ ವಿವರವಾಗಿ ಬರೆಯುತ್ತೇನೆ. ಆದರೆ ನೀವಿನ್ನೂ ದುಡ್ಡು ಕೊಟ್ಟಿಲ್ಲ ಅಂತ ಕಾಣುತ್ತದೆ, ಹಾಗಾಗಿ ಮೊದಲು ಪೊಲೀಸರ ಮಾತು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಥಿತಿಯಿಂದ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ, ಸದ್ದು ಮತ್ತು ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದವರಿಗೆ 190(2) ಸೆಕ್ಷನ್ನಿನಲ್ಲಿ ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು ಅಂತ ಇದೆ. ಗಾಡಿಯನ್ನು ಅಕ್ರಮವಾಗಿ ಬದಲಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡದ ಸೆಕ್ಷನ್ ಬೇರೆ. ಸದ್ದಿಗೂ ಅಳತೆ ಇದೆ. 175 ಸಿಸಿಗಿಂತ ದೊಡ್ಡ ಬೈಕು ಕಾರ್ಖಾನೆಯಿಂದ ಹೊರಬರುವಾಗ ಪರೀಕ್ಷೆಯಲ್ಲಿ 80 ಡೆಸಿಬೆಲ್ ದಾಟುವಂತಿಲ್ಲ, 80ರಿಂದ 175 ಸಿಸಿಯವಕ್ಕೆ 77. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾದಂತೆ ಕೇಳುತ್ತದೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಅಂತ ಘೋಷಿಸಲು 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಅವಕಾಶ ಇದೆ. ವಿಮ್ಸ್ ಅಂತ ಊರೆಲ್ಲ ಕರೆಯುವ ಆಸ್ಪತ್ರೆ ಮುಂದೆ ರಾತ್ರಿ ಹನ್ನೊಂದಕ್ಕೆ ಇಂದೋರಿ ಅಂತ ಕರೆಯುವ ಜೋರು ಸದ್ದಿನ ಸೈಲೆನ್ಸರ್ ಹಾಕಿದ ಬುಲೆಟ್ಟು ಹೋದರೆ ಒಳಗೆ ಮಲಗಿದವರಿಗೆ ಏನಾಗಬಹುದು, ಯೋಚಿಸಿ. ನನಗೆ ದಂಡಕ್ಕಿಂತ ಅದೇ ದೊಡ್ಡ ವಿಷಯ.

ಹಾಗಾಗಿ ನನ್ನ ಸಲಹೆ ನೇರ. ಒಳಗೆ ಏನೂ ಇಲ್ಲದ ಖಾಲಿ ಕೊಳವೆ ಬೇಡವೇ ಬೇಡ. ನಿಮ್ಮದೇ ಮಾಡೆಲ್‌ಗೆ ಮಾಡಿದ, ಬೈಕು ಕಂಪನಿಯೇ ಆಕ್ಸೆಸರಿ ಅಂತ ಮಾರುವ, ಇಲ್ಲಿನ ರಸ್ತೆಗೆ ಒಪ್ಪಿಗೆ ಇದೆ ಅಂತ ಬರಹದಲ್ಲಿ ಕೊಡುವ ಸೈಲೆನ್ಸರ್ ಸಿಕ್ಕರೆ ಅದನ್ನೇ ತೊಗೊಳ್ಳಿ. ಸಿಗದಿದ್ದರೆ ಹಳೆಯದೇ ಇರಲಿ. 'ಡಿಬಿ ಕಿಲ್ಲರ್' ಅಂತ ಪೈಪಿನ ಬಾಯಿಗೆ ಸದ್ದು ತಗ್ಗಿಸುವ ಒಂದು ತುಂಡು ಕೂರಿಸಿ ಕೊಡುತ್ತಾರೆ. ಅದು ಇದ್ದ ಮಾತ್ರಕ್ಕೆ ಪೈಪು ಕಾನೂನಿಗೆ ಒಪ್ಪುತ್ತದೆ ಅಂತಲ್ಲ. ಅದನ್ನು ಕಿತ್ತು ಓಡಿಸುವ ಯೋಚನೆ ಇದ್ದರಂತೂ ಈ ಉತ್ತರ ಇಲ್ಲಿಗೇ ಬಿಟ್ಟುಬಿಡಿ.

ಓಟ ಜಾಸ್ತಿ ಆಗುತ್ತಾ ಅಂತಲೂ ಎಲ್ಲರೂ ಕೇಳುತ್ತಾರೆ. ಕ್ಲಾಸಿಕ್ 350 ಇರುವುದೇ ಸುಮಾರು 20 ಬಿಎಚ್‌ಪಿ ಗಾಡಿ. ಬರೀ ಹಿಂದಿನ ಸೈಲೆನ್ಸರ್ ಬದಲಿಸಿದರೆ ಗೊತ್ತಾಗುವಷ್ಟು ವ್ಯತ್ಯಾಸ ಬರುವುದಿಲ್ಲ. ಸದ್ದು ಜಾಸ್ತಿ ಆದಾಗ ಓಟವೂ ಜಾಸ್ತಿ ಆದಂತೆ ಅನಿಸುತ್ತದೆ, ಅಷ್ಟೇ.

ಈಗ ಎಂಜಿನ್ನಿನ ಪ್ರಶ್ನೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕುಗಳಲ್ಲಿ ಹೊಗೆಯ ದಾರಿಯಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಅದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್‌ಗೆ, ಸುದ್ದಿ ಕೊಡುತ್ತದೆ, ಇಸಿಯು ಪೆಟ್ರೋಲು ಹೆಚ್ಚು ಕಡಿಮೆ ಮಾಡುತ್ತದೆ. ಎಂಜಿನ್ನಿನ ತಲೆಭಾಗವಾದ ಹೆಡ್ಡಿಗೆ, ಅಲ್ಲಿಂದ ಸೈಲೆನ್ಸರ್ ತನಕ ಬರುವ ಬೆಂಡ್ ಪೈಪು ಸೇರುವ ಜಾಗದಲ್ಲಿ ಪ್ಯಾಕಿಂಗ್ ಸರಿ ಕೂರದಿದ್ದರೆ ಏನಾಗುತ್ತೆ ನೋಡಿ. ಹೊಗೆ ಒಂದೇ ಸಮ ಹೋಗುವುದಿಲ್ಲ, ತುಂಡು ತುಂಡಾಗಿ ನುಗ್ಗುತ್ತದೆ, ಎರಡು ತುಂಡುಗಳ ನಡುವೆ ಪೈಪು ಹೊರಗಿನ ಗಾಳಿಯನ್ನು ಆ ಸಂದಿಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಸೆನ್ಸರ್‌ಗೆ ಆ ಗಾಳಿ ಕಾಣುತ್ತದೆ. ಪೆಟ್ರೋಲು ಕಡಿಮೆ ಆಯಿತು ಅಂತ ಇಸಿಯು ಇನ್ನಷ್ಟು ಸುರಿಯುತ್ತದೆ. ಮೈಲೇಜು ಬೀಳುತ್ತದೆ, ಪ್ಲಗ್ಗು ಕಪ್ಪಾಗುತ್ತದೆ, ಮಾಲೀಕರು ಇಂಜೆಕ್ಟರ್ ಬದಲಿಸಲು ಓಡುತ್ತಾರೆ. ಕಾರಣ ಒಂದು ಸಣ್ಣ ಪ್ಯಾಕಿಂಗು!

ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲವು ಬೈಕುಗಳಲ್ಲಿ ಬೆಂಡ್ ಪೈಪಿನಲ್ಲಿ, ಕೆಲವದರಲ್ಲಿ ಸೈಲೆನ್ಸರ್ ಹೊಟ್ಟೆಯಲ್ಲಿ ಇರುತ್ತದೆ. ನೀವು ತೆಗೆಯುವ ತುಂಡಿನಲ್ಲಿ ಅದು ಇದ್ದರೆ ಹೊಸದರಲ್ಲೂ ಇರಬೇಕು. ಇಲ್ಲದಿದ್ದರೆ ಎಮಿಷನ್ ಟೆಸ್ಟ್‌ನಲ್ಲಿ ಸಿಕ್ಕಿಬೀಳಬಹುದು, ಅದಕ್ಕಿಂತ ಮುಖ್ಯವಾಗಿ ವಿಷದ ಹೊಗೆ ನಮ್ಮದೇ ಓಣಿಯಲ್ಲಿ ಬಿಡುತ್ತೀರಿ. ಮೊದಲೇ ನಮ್ಮ ಕಡೆ ಗಾಳಿಯಲ್ಲಿ ಧೂಳು ಕಡಿಮೆಯೇನಿಲ್ಲ.

ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಿರಬೇಕು. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಬೈಕಿನ ಪೈಪು ಸ್ಟಾರ್ಟ್ ಮಾಡದೆಯೂ ಕೈ ಸುಡುತ್ತದೆ, ಅದಕ್ಕೇ ಬೆಳಿಗ್ಗೆ ಆರಕ್ಕೆ ನೆರಳಿನಲ್ಲಿ ಶುರು ಮಾಡಿ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ಡಬ್ಲ್ಯೂಡಿ-40 ಥರದ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸೆಂಟರ್ ಸ್ಟ್ಯಾಂಡ್ ಹಾಕಿ. ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸುವುದಾದರೆ ಹೆಡ್ಡಿನ ನಟ್ಟು ಮುಟ್ಟುವ ಅಗತ್ಯವೇ ಇಲ್ಲ, ಎರಡು ಪೈಪುಗಳ ಜೋಡಣೆ ಬಿಗಿಹಿಡಿಯುವ ಕ್ಲಾಂಪು ಸಡಿಲ ಮಾಡಿ, ಸೈಲೆನ್ಸರನ್ನು ಗಾಡಿಗೆ ಹಿಡಿದಿಡುವ ಬ್ರಾಕೆಟ್ ಬೋಲ್ಟು ಬಿಚ್ಚಿ, ಆಚೀಚೆ ತಿರುಗಿಸುತ್ತಾ ಹಿಂದಕ್ಕೆ ಎಳೆದರೆ ಬರುತ್ತದೆ. ಬೆಂಡ್ ಪೈಪನ್ನೂ ತೆಗೆಯಬೇಕಾದರೆ ಮೊದಲು ಸೆನ್ಸರ್ ವೈರಿನ ಕಪ್ಲರ್ ಬಿಡಿಸಿ, ವೈರ್ ಜಗ್ಗಬೇಡಿ. ಹೆಡ್ಡಿನ ನಟ್ಟು ಬರದೇ ಹಟ ಮಾಡಿದರೆ ಬಲ ಹಾಕಬೇಡಿ. ಮತ್ತೆ ಎಣ್ಣೆ ಹೊಡೆದು ಕಾಯಿರಿ. ಅಲ್ಲಿ ನಟ್ಟು ಕೂರುವ ಕಡ್ಡಿ, ಅಂದರೆ ಸ್ಟಡ್, ಅಲ್ಯೂಮಿನಿಯಂ ಹೆಡ್ಡಿನೊಳಗೆ ಮುರಿದರೆ ಕೊರೆದು ತೆಗೆಯಬೇಕು. ಅದು ಲೇಥ್ ಅಂಗಡಿಯ ಕೆಲಸ, ಮನೆಯದಲ್ಲ.

ಹಳೇ ಪ್ಯಾಕಿಂಗನ್ನು ಗೂಡಿನಿಂದ ಚೂರೂ ಉಳಿಯದಂತೆ ತೆಗೆಯಿರಿ. ಅದು ಒಂದೇ ಸಲ ಅಮುಕಿಸಿಕೊಂಡು ಆಕಾರ ಪಡೆಯುವ ವಸ್ತು, ಎರಡನೇ ಸಲ ಸಂದಿ ತುಂಬುವುದಿಲ್ಲ. ಹೊಸದಕ್ಕೆ ಆಗುವ ಖರ್ಚು ತೀರಾ ಕಡಿಮೆ. ಸೈಲೆನ್ಸರ್ ಕೂಡುವಲ್ಲಿ ಗ್ರಾಫೈಟ್ ಸ್ಲೀವ್ ಇದ್ದರೆ ಅದೂ ಹೊಸದಿರಲಿ. ಎಂ-ಸೀಲ್ ಥರದ ಅಂಟು ಆ ಬಿಸಿಗೆ ನಿಲ್ಲುವುದಿಲ್ಲ.

ಇನ್ನು ಬಿಗಿಸುವ ಕ್ರಮ. ಎಲ್ಲವನ್ನೂ ಮೊದಲು ಬೆರಳಲ್ಲಿ ತಿರುಗಿಸಿ ನಿಲ್ಲಿಸಿ, ಹೆಡ್ಡು, ಕ್ಲಾಂಪು, ಬ್ರಾಕೆಟ್ ಮೂರೂ, ಒಂದನ್ನೂ ಬಿಗಿ ಮಾಡದೆ. ಬ್ರಾಕೆಟ್ಟಿನ ತೂತಿಗೆ ಬೋಲ್ಟು ತಾನಾಗಿ ಕೂರಬೇಕು. ಜಗ್ಗಿ ಕೂರಿಸುವಂತಿದ್ದರೆ ಪೈಪಿನ ಅಳತೆಯೇ ತಪ್ಪಿದೆ ಅಂತ ತಿಳಿಯಿರಿ, ವಾಪಸ್ ಕಳಿಸಿ. ಆಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬನ್ನಿ. ಹೆಡ್ಡಿನ ಎರಡು ನಟ್ಟುಗಳನ್ನು ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು ಅಂತ ಸಮವಾಗಿ ಬಿಗಿಸಿ. ನಂತರ ಕ್ಲಾಂಪು, ಕೊನೆಗೆ ಬ್ರಾಕೆಟ್. ಸರ್ವಿಸ್ ಮ್ಯಾನುಯಲ್‌ನಲ್ಲಿ ಎಷ್ಟು ಬಿಗಿ ಅಂತ ಟಾರ್ಕ್ ಕೊಟ್ಟಿರುತ್ತಾರೆ, ಟಾರ್ಕ್ ರೆಂಚ್ ಸಿಕ್ಕರೆ ಅದರಲ್ಲೇ ಮಾಡಿ. ಮೊದಲು ಹಿಂದಿನ ಬ್ರಾಕೆಟ್ ಬಿಗಿಸಿದರೆ ಪೈಪು ಸೊಟ್ಟಗೆ ನಿಂತು ಅದರ ಒತ್ತಡವೆಲ್ಲ ಹೆಡ್ಡಿನ ಸ್ಟಡ್ ಮೇಲೆ ಬೀಳುತ್ತದೆ. ಸಿಂಗಲ್ ಸಿಲಿಂಡರ್ ಅದುರುವ ಅದುರಿಗೆ, ನಮ್ಮ ಊರಿನ ಹಂಪು ಗುಂಡಿಗೆ, ಕೆಲವು ತಿಂಗಳಲ್ಲಿ ಬ್ರಾಕೆಟ್ಟಿನ ಬೆಸುಗೆ ಬಿರುಕು ಬಿಡುತ್ತದೆ. ಬ್ರಾಕೆಟ್ಟಿನಲ್ಲಿ ರಬ್ಬರ್ ಬುಷ್ ಇದ್ದರೆ ಅದನ್ನು ಮರೆಯದೆ ವಾಪಸ್ ಹಾಕಿ.

ಸ್ಟಾರ್ಟ್ ಮಾಡುವ ಮೊದಲು ಪೈಪನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದು ಪೂರ್ತಿ ಆರಲಿ. ಬೆರಳಿನ ಎಣ್ಣೆ ಗುರುತು ಬಿಸಿಗೆ ಸುಟ್ಟು ಕ್ರೋಮ್ ಮೇಲೆ ಕಾಯಂ ಕೂತುಬಿಡುತ್ತದೆ. ಬೈಕನ್ನು ಬಯಲಿಗೆ ತನ್ನಿ, ಶಟರ್ ಎಳೆದ ಜಾಗದಲ್ಲಿ ಎಂಜಿನ್ ಓಡಿಸಲೇಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಪೈಪು ಕಾಯುವ ಮೊದಲೇ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ. ಮೊದಲ ಕೆಲವು ನಿಮಿಷ ಬರುವ ತೆಳು ಬಿಳಿ ಹೊಗೆ ಪೈಪಿಗೆ ಹಚ್ಚಿದ ಎಣ್ಣೆಯದು, ಹೆದರಬೇಡಿ. ಆಕ್ಸಲರೇಟರ್ ಬಿಟ್ಟಾಗ ಪಟಪಟ ಪಟಾಕಿ ಸದ್ದು ಬಂದರೆ ಅದನ್ನು ಸ್ಟೈಲ್ ಅಂದುಕೊಳ್ಳಬೇಡಿ. ಬಹಳಷ್ಟು ಸಲ ಅದು ಎಲ್ಲೋ ಗಾಳಿ ಎಳೆಯುತ್ತಿರುವ ಗುರುತು. ಎಂಜಿನ್ ಲೈಟ್ ಹತ್ತಿದರೆ ಮೊದಲು ಸೆನ್ಸರ್ ಕಪ್ಲರ್ ನೋಡಿ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಕೆಲವು ಬೈಕುಗಳಲ್ಲಿ ಸೆಂಟರ್ ಸ್ಟ್ಯಾಂಡ್ ಮಡಚಿದಾಗ ಅದನ್ನು ತಡೆಯುವ ರಬ್ಬರ್ ಇರುವುದು ಹಳೇ ಸೈಲೆನ್ಸರ್ ಮೇಲೆಯೇ. ಹೊಸದರಲ್ಲಿ ಅದು ಇಲ್ಲದಿದ್ದರೆ ಸ್ಟ್ಯಾಂಡು ಪೈಪಿಗೋ ಬೇರೆಲ್ಲೋ ಬಡಿಯುತ್ತದೆ. ಹಿಂದೆ ಒಬ್ಬರನ್ನು ಕೂರಿಸಿ, ಗಾಡಿ ಕುಗ್ಗಿಸಿ, ಪೈಪು ಎಲ್ಲೂ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸುಮಾರು ನೂರು ಕಿಲೋಮೀಟರ್ ಓಡಿದ ಮೇಲೆ, ತಣ್ಣಗಾದಾಗ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ನೋಡಬೇಕು. ಹೊಸಪೇಟೆಗೆ ಹೋಗಿ ಬಂದರೆ ಆ ಲೆಕ್ಕ ಆಯಿತು.

ವಾರಂಟಿ ಇನ್ನೂ ಇದ್ದರೆ ಶೋರೂಮಿನಲ್ಲಿ ಮೊದಲೇ ಕೇಳಿ, ವಿಮೆ ಕಂಪನಿಗೂ ಬರಹದಲ್ಲಿ ತಿಳಿಸಿ. ಹಳೇ ಸೈಲೆನ್ಸರನ್ನು ಗುಜರಿಗೆ ಕೊಡಬೇಡಿ. ವಾರಂಟಿ ಕೇಳುವಾಗ, ಗಾಡಿ ಮಾರುವಾಗ ಅದು ಬೇಕು. ಒರೆಸಿ, ತೆಳುವಾಗಿ ಎಣ್ಣೆ ಸವರಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.